ಹಕಾರದ ಸೇಡು

ಜನ ಜ್ಞಾನಕ್ಕಾಗಿ ಓದುತ್ತಾರೆ, ಕೆಲಸಕ್ಕಾಗಿ ಓದುತ್ತಾರೆ, ಹೊತ್ತು ಹೋಗದೆ ಓದುತ್ತಾರೆ. ನಾನು ನಿವೃತ್ತನಾದ ಮೇಲೆ ಪರದೇಶದ ಒಂದು ವಿಶ್ವವಿದ್ಯಾಲಯದ ಪುಕ್ಕಟೆ ಆನ್‌ಲೈನ್ ಪಾಠಕ್ಕೆ ಸೇರಿದ್ದು ಶುದ್ಧಾಂಗವಾಗಿ ಸೇಡಿಗಾಗಿ. ಇದನ್ನು ಮೊದಲೇ ಹೇಳಿಬಿಡುವುದು ಲೇಸು. ಇಲ್ಲದಿದ್ದರೆ ಯಾರಾದರೂ ಪುಣ್ಯಾತ್ಮರು, 'ಈ ವಯಸ್ಸಿನಲ್ಲೂ ಎಂಥ ಕಲಿಕೆಯ ಹಸಿವು!' ಎಂದು ಹೊಗಳಿಬಿಡುವ ಅಪಾಯವಿದೆ. ಹಸಿವು ಇತ್ತು, ಸುಳ್ಳಲ್ಲ. ಅದು ನನ್ನ ಷಡ್ಡಕನ ಮುಖ ಬಾಡುವುದನ್ನು ಕಣ್ಣಾರೆ ನೋಡುವ ಹಸಿವು.

ಷಡ್ಡಕನೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಈಗ ಕೆ.ಆರ್. ಪೇಟೆಯಿಂದ ಹೇಮಗಿರಿಗೆ ಹೋಗುವ ದಾರಿಯ ಒಂದು ಊರಿನಲ್ಲಿ ಹಸು ಸಾಕಿಕೊಂಡಿದ್ದಾನೆ. ನಾನು ಕನ್ನಡ ಮೇಷ್ಟ್ರು. ಬಿಂಡಿಗನವಿಲೆಯಲ್ಲಿ ಕೆಲಸಕ್ಕೆ ಸೇರಿ, ನಾಗಮಂಗಲದ ಮೇಲೆ ಹಾದು, ಕೊನೆಗೆ ಪಾಂಡವಪುರದಲ್ಲಿ ಹಾರ ಹಾಕಿಸಿಕೊಂಡು ಮನೆ ಸೇರಿದವನು. ನೆಂಟರಿಷ್ಟರಲ್ಲಿ ಯಾರೂ ನಮ್ಮಿಬ್ಬರನ್ನು ಹೆಸರು ಹಿಡಿದು ಕರೆಯುವುದಿಲ್ಲ. ನಾನು 'ಮೇಷ್ಟ್ರು', ಅವನು 'ಕಂಡಕ್ಟ್ರು'. ಪಿಂಚಣಿ ಸರ್ಕಾರ ಕೊಟ್ಟದ್ದು, ಮನೆ ಹೆಂಡತಿ ಆಳುವುದು. ನನ್ನದೇ ಎಂದು ಉಳಿದಿದ್ದ ಆಸ್ತಿ 'ಮೇಷ್ಟ್ರು' ಎಂಬ ಆ ಒಂದು ಪದ. ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಜಗಳವೇ ಹೆಸರಿನ ಜಾಗದಲ್ಲಿ ಕುಳಿತ ಆ ಬಿರುದಿನ ಮೇಲೆ ನಡೆದದ್ದು.

ನನ್ನ ವೃತ್ತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಸೀಮೆಯ ನಾಲಗೆಯ ಮೇಲೆ ಹಕಾರ ಹುಟ್ಟಿಲ್ಲ. ಹುಟ್ಟಿದ್ದರೂ ತೊಟ್ಟಿಲಲ್ಲೇ ತೀರಿಕೊಂಡಿದೆ. ಹಾಲು ಇಲ್ಲಿ ಆಲು. ಹಸು ಅಸು. ಹಳ್ಳಿ ಅಳ್ಳಿ. ಹತ್ತು ಎಂಬ ಸಂಖ್ಯೆ ಅತ್ತು ಎಂದು ಕಣ್ಣೀರಿಡುತ್ತದೆ. ಪಟ್ಟುಹಿಡಿದು ಕಲಿಸಿದರೆ, ಹೊಸದಾಗಿ ಸಿಕ್ಕ ಹಕಾರವನ್ನು ಎಲ್ಲಿಡುವುದೆಂದು ತೋಚದೆ ಸಿಕ್ಕಸಿಕ್ಕವರ ತಲೆಯ ಮೇಲೆ ಇಟ್ಟುಬಿಡುತ್ತಾರೆ. 'ಅಬ್ಬದ ದಿನ ನಮ್ಮಮ್ಮ ಹಕ್ಕಿ ಬೇಯಿಸಿ ಪಾಯಸ ಮಾಡಿದಳು' ಎಂದು ನನ್ನ ಶಿಷ್ಯನೊಬ್ಬ ಪ್ರಬಂಧ ಬರೆದಿದ್ದ. ಇಂಥ ಸೀಮೆಯಲ್ಲಿ ನಾನು ಆಯುಷ್ಯವೆಲ್ಲ ಹಕಾರದ ಪರವಾಗಿ ಹೋರಾಡಿದೆ. ನನ್ನ ಮನೆಯ ಹೊಸ್ತಿಲನ್ನೇ ಅದು ದಾಟಲಿಲ್ಲ ಎಂಬುದು ಬೇರೆ ಮಾತು. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ತಿದ್ದಲು ಹೋದೆ. ಆಕೆ, "ಓಗ್ಲಿ ಬುಡಿ, ನಂಗೇನ್ ಪರೀಕ್ಷೆ ಐತಾ?" ಎಂದಳು. ಅಲ್ಲಿಗೆ ಆ ರಣರಂಗದಲ್ಲಿ ಯುದ್ಧವಿರಾಮ ಘೋಷಣೆಯಾಯಿತು.

ಜಗಳ ಹೊತ್ತಿಕೊಂಡದ್ದು ನಾಗಮಂಗಲದ ಒಂದು ಛತ್ರದಲ್ಲಿ, ಬೀಗರ ಊಟದ ಪಂಕ್ತಿಯಲ್ಲಿ. ಎಲೆಯ ಮೇಲೆ ಮುದ್ದೆ ಬಿದ್ದಿತ್ತು, ಸಾರು ಬರುವುದರಲ್ಲಿತ್ತು. ಪಕ್ಕದಲ್ಲಿ ಕುಳಿತಿದ್ದ ಷಡ್ಡಕ ಎಡಗೈಯಿಂದ ಜೇಬಿನೊಳಗಿನ ಫೋನು ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ.

"ಅಣ್ಣ, ಇಲ್ನೋಡಿ. ಇದು ಅಮೇರಿಕದ್ದು. ಇದು ಲಂಡನ್ದು. ಇದ್ ಯಾವ್ದೋ ದೇಶ, ಎಸ್ರು ಬಾಯಿಗ್ ಬರಕಿಲ್ಲ. ಎಲ್ಲಾ ಪಾಸು!"

"ಏನೋ ಇದು?"

"ಸರ್ಟಿಫಿಕೇಟು ಕಣಣ್ಣ. ಕೊರೊನಾದಲ್ಲಿ ಬಸ್ಸು ನಿಂತೋದಾಗ ಶುರು ಅಚ್ಕಂಡೆ. ಪುಕ್ಸಟ್ಟೆ ಪಾಠ. ಪ್ರಪಂಚದ ದೊಡ್ಡೋರೆಲ್ಲ ವಿಡಿಯೋದಲ್ಲಿ ಬಂದು ಏಳ್ಕೊಡ್ತಾರೆ. ಮೇಷ್ಟ್ರೆಲ್ಲ ಈಗ ನನ್ ಜೇಬಲ್ಲವ್ರೆ."

ಎದುರು ಸಾಲಿನವರು ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಗ ನನ್ನ ನಾದಿನಿ, ಅಂದರೆ ಆ ಕಂಡಕ್ಟರನ ಹೆಂಡತಿ, ಯಾವ ದುರುದ್ದೇಶವೂ ಇಲ್ಲದೆ ಒಂದು ರಹಸ್ಯವನ್ನು ಪಂಕ್ತಿಗೆ ಬಡಿಸಿದಳು.

"ಇವ್ರೆಲ್ಲಿ ನೋಡ್ತಾರೆ ಭಾವ? ಫೋನ ಕೊಟ್ಟಿಗೆ ಗೂಟಕ್ಕೆ ನೇತಾಕ್ಬುಟ್ಟು ಇವ್ರು ಆಲು ಕರೀತಾ ಕುಂತಿರ್ತಾರೆ. ವಿಡಿಯೋ ನೋಡದು ಅಸ."

"ಪ್ರಶ್ನೆಗೆ ಉತ್ತರ?" ಎಂದೆ.

"ತಪ್ಪಾದ್ರೆ ಇನ್ನೊಂದ್ ಒತ್ತದು. ಅದೂ ತಪ್ಪಾದ್ರೆ ಮತ್ತೊಂದ್ ಒತ್ತದು. ಸರಿ ಆಗೋಗಂಟ ಅದು ಬೇಜಾರೇ ಮಾಡ್ಕಳಕಿಲ್ಲ ಭಾವ, ಪಾಪ."

ನಾನು ಗಂಟಲು ಸರಿಮಾಡಿಕೊಂಡು ಛತ್ರಕ್ಕೆಲ್ಲ ಕೇಳುವ ಹಾಗೆ, "ಹಾಗಾದರೆ ಸರ್ಟಿಫಿಕೇಟು ಹಸುವಿನ ಹೆಸರಿಗೆ ಬರಬೇಕಿತ್ತಲ್ಲೋ!" ಎಂದೆ. ಸಾರಿನ ಬಕೆಟ್ಟು ಹಿಡಿದಿದ್ದವನೂ ನಕ್ಕು ಅರ್ಧ ಸೌಟು ಚೆಲ್ಲಿದ.

ಷಡ್ಡಕ ನಗಲಿಲ್ಲ. "ನಗ್ರಿ, ನಗ್ರಿ," ಎಂದ. "ನೀವು ಇಷ್ಟ್ ಕಾಲ ಮಾಡಿದ್ದೇನಣ್ಣ? ಕೆಂಪಿಂಕು ಇಡ್ಕಂಡು ಮಕ್ಳ ಫೇಲ್ ಮಾಡಿದ್ರಿ. ನೀವ್ ಕುಂತು ಒಂದ್ ಪರೀಕ್ಷೆ ಬರ್ದು ಯಾವ ಕಾಲ ಆಯ್ತು? ತಾಕತ್ತಿದ್ರೆ ಒಂದ್ ಪಾಠ ಮುಗ್ಸಿ ತೋರ್ಸಿ. ಆಗ ಒಪ್ತೀನಿ ಮೇಷ್ಟ್ರು ಅಂತ."

ಪಂಕ್ತಿಯಲ್ಲಿ ನಗು ಪಕ್ಷಾಂತರ ಮಾಡಿತು. ಅದೇ ಜನ, ಅದೇ ಬಾಯಿ. ಈಗ ನನ್ನನ್ನು ನೋಡಿ ನಗುತ್ತಿದ್ದರು. ನನ್ನ ಹೆಂಡತಿಯೂ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಆ ಸೆರಗನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಪಂದ್ಯ ಅಲ್ಲೇ ಕಟ್ಟಿದೆವು. ಇಬ್ಬರೂ ಒಂದೇ ಪಾಠಕ್ಕೆ ಸೇರುವುದು. ಪಿತೃಪಕ್ಷಕ್ಕೆ ಶ್ರೀರಂಗಪಟ್ಟಣದ ಅತ್ತೆಯ ಮನೆಯಲ್ಲಿ ಎಲ್ಲರೂ ಸೇರುತ್ತೇವಲ್ಲ, ಅಷ್ಟರೊಳಗೆ ಮುಗಿಸುವುದು. ಅವನೊಬ್ಬನೇ ಮುಗಿಸಿದರೆ ಅಂದಿನಿಂದ ಅವನು 'ಮೇಷ್ಟ್ರು', ನಾನು 'ಕಂಡಕ್ಟ್ರು'. ನಾನೊಬ್ಬನೇ ಮುಗಿಸಿದರೆ ಅವನು ಫೋನಿನೊಳಗಿನ ಸರ್ಟಿಫಿಕೇಟುಗಳನ್ನೆಲ್ಲ ಅತ್ತೆಯ ಎದುರು ಅಳಿಸಿಹಾಕತಕ್ಕದ್ದು. ಪಾಠವನ್ನು ಆರಿಸುವ ಹಕ್ಕು ನನ್ನದೆಂದು ಪಟ್ಟು ಹಿಡಿದೆ. ಬರೀ ಗುಂಡಿ ಒತ್ತುವ ಪಾಠ ಬೇಡ, ಕೊನೆಯಲ್ಲಿ ಪ್ರಬಂಧ ಬರೆಯುವಂಥದ್ದು ಬೇಕು ಎಂದೆ. ಹಸು ವಿಡಿಯೋ ನೋಡಬಹುದು, ಗೊರಸಿನಿಂದ ಗುಂಡಿಯನ್ನೂ ಒತ್ತಬಹುದು. ಪ್ರಬಂಧ ಬರೆಯಲಾರದು ಎಂಬುದು ನನ್ನ ಲೆಕ್ಕಾಚಾರ.

ಪಾಂಡವಪುರದ ಮೊಬೈಲು ರಿಪೇರಿ ಅಂಗಡಿಯ ಸಾಹೇಬರು ನನ್ನನ್ನು ಜಗತ್ತಿನ ವಿದ್ಯಾರ್ಥಿಯನ್ನಾಗಿ ಮಾಡಿದರು. ಹುಡುಕಿ ಹುಡುಕಿ 'ನೀರು ಮತ್ತು ಮಾನವ' ಎಂಬಂಥ ಅರ್ಥ ಬರುವ ಒಂದು ಪಾಠ ಹಿಡಿದೆವು. ಪಾಠ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದ ಅಕ್ಷರ ಓಡುತ್ತದೆ, ಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದು. ಗುಪ್ತಪದ ಕೇಳಿದಾಗ ನಾನು ಒಂದು ದೀರ್ಘ ಸಮಾಸಪದ ಹೇಳಿದೆ.

"ಅರೇ ಮೇಷ್ಟ್ರೇ, ಇದೇನು ಪಾಸ್‌ವರ್ಡಾ, ಶಾದಿ ಕಾರ್ಡಾ?" ಎಂದರು ಸಾಹೇಬರು. "ಕಳ್ಳ ಬಿಡಿ, ನೀವೇ ಒಳಗೆ ಹೋಗೋಕಾಗಲ್ಲ. ಛೋಟಾ ಹೇಳಿ ಸಾಬ್, ಛೋಟಾ."

ಅವರ ಬಾಯಲ್ಲಿ ಹಕಾರ ಸ್ವಚ್ಛವಾಗಿತ್ತು. ಆ ಒಂದೇ ಕಾರಣಕ್ಕೆ ಚಿಕ್ಕದಾಗಿ ಹೇಳಿದೆ.

ಮೊದಲ ವಾರ ನಾನು ತುಸು ಬೆರಗಾದದ್ದನ್ನು ಒಪ್ಪಬೇಕು. ತರಗತಿ ಎಂದರೆ ನನಗೆ ನಾಲ್ಕು ಗೋಡೆ, ಒಂದು ಹಲಗೆ, ಕಿಟಕಿಯಾಚೆ ಕುರಿ. ಇಲ್ಲಿ ಎಲ್ಲರೂ ತಮ್ಮ ಪರಿಚಯ ಬರೆಯಬೇಕಾದ ಜಗಲಿಯಂಥ ಜಾಗವೊಂದಿತ್ತು. ಅದರಲ್ಲಿ ಆಫ್ರಿಕದ ನರ್ಸಮ್ಮ, ಬ್ರೆಜಿಲಿನ ಕಾಫಿ ತೋಟದವನು, ಫಿಲಿಪ್ಪೀನ್ಸಿನ ಬಸುರಿ ಹೆಂಗಸು, ಎಲ್ಲೋ ಹಡಗಿನ ಮೇಲಿದ್ದುಕೊಂಡೇ ಓದುವ ಅಡುಗೆಯವನು. ಎಣಿಸಲಾಗದಷ್ಟು ಜನ. ಒಬ್ಬ ಮೇಷ್ಟ್ರಿಗೆ ಇಷ್ಟು ಶಿಷ್ಯರೇ ಎಂದು ಹೊಟ್ಟೆಯುರಿಯಿತು. ನಾನೂ ಬರೆದೆ: 'ಇಂತಿ, ನಿವೃತ್ತ ಕನ್ನಡ ಅಧ್ಯಾಪಕ, ಪಾಂಡವಪುರ. ಸೇರ್ಪಡೆಯ ಉದ್ದೇಶ: ವೈಯಕ್ತಿಕ.' ಹಡಗಿನ ಅಡುಗೆಯವನು ಅದಕ್ಕೊಂದು ಹೃದಯದ ಗುರುತು ಹಾಕಿದ.

ಕೆಳಗೆ ಓಡುವ ಕನ್ನಡ ಮಾತ್ರ ಮಹಾಪ್ರಳಯ. ಯಾವುದೋ ಯಂತ್ರ ಮಾಡಿದ ಅನುವಾದ. 'ನದಿಯ ಪ್ರಸ್ತುತ ಬಲವಾಗಿದ್ದಾಗ ಎರಡೂ ಬ್ಯಾಂಕುಗಳು ಕುಸಿಯುತ್ತವೆ' ಎಂದು ಬಂತು. 'ಪ್ರಸ್ತುತ' ಎಂದರೆ ನೀರಿನ ಸೆಳೆತವೆಂದೂ, ದುಡ್ಡಿನ ಬ್ಯಾಂಕಿಗೂ ನದಿಯ ದಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಮಾತೆಂದೂ ನೆನಪಾಗುವವರೆಗೆ ನನ್ನ ಪಿಂಚಣಿಯ ಗತಿಯೇನೆಂದು ಚಿಂತೆಯಾಗಿತ್ತು. 'ಬೆಟ್ಟದ ಬುಡದಲ್ಲಿ ವಸಂತ ಉಕ್ಕುತ್ತದೆ' ಎಂದಿತು. ಅದು ಚಿಲುಮೆ ಎಂದು ತಿಳಿಯಲು ಒಂದು ಕಾಫಿ ಬೇಕಾಯಿತು. ಜಗತ್ತಿನ ವಿದ್ಯೆ ಬಾಗಿಲಿಗೆ ಬಂದಿದೆ ಎನ್ನುತ್ತಾರಲ್ಲ, ಬಂದಿದೆ ನಿಜ. ಆದರೆ ಚಪ್ಪಲಿಯನ್ನು ತಲೆಯ ಮೇಲೂ ಟೋಪಿಯನ್ನು ಕಾಲಿಗೂ ಹಾಕಿಕೊಂಡು ಬಂದಿದೆ. ನಾನು ನೋಟ್ಸು ಬರೆದುಕೊಂಡೆ, ಒಂದೊಂದು ವಿಡಿಯೋವನ್ನೂ ಪೂರ್ತಿ ನೋಡಿದೆ. ಎದುರಾಳಿ ಹಸುವಿನ ಕೈಲಿ ಓದಿಸುತ್ತಿದ್ದಾನೆಂಬ ನೆನಪೊಂದೇ ನನಗೆ ದೀಪದ ಎಣ್ಣೆ.

ವಾರ ಕಳೆದಂತೆ ಜಗಲಿ ಖಾಲಿಯಾಗತೊಡಗಿತು. ಕಾಫಿ ತೋಟದವನು ಮಾಯ. ನರ್ಸಮ್ಮ 'ಡ್ಯೂಟಿ ಜಾಸ್ತಿ, ಕ್ಷಮಿಸಿ' ಎಂದು ಬರೆದು ಹೋದರು. ಬಸುರಿಗೆ ಹೆರಿಗೆಯಾಯಿತೋ ಏನೋ, ಸುದ್ದಿಯಿಲ್ಲ. ಬಿಂಡಿಗನವಿಲೆಯಲ್ಲಿ ಹುಡುಗನೊಬ್ಬ ನಾಲ್ಕು ದಿನ ಕಾಣದಿದ್ದರೆ ನಾನೇ ಹೊಲದ ದಾರಿ ಹಿಡಿದು ಹೋಗಿ, ಕುರಿಯ ಹಿಂದಿನಿಂದ ಅವನ ಕಿವಿ ಹಿಡಿದು ಕರೆತರುತ್ತಿದ್ದೆ. ಈ ಜಗದ್ವಿದ್ಯಾಲಯದಲ್ಲಿ ಹೊಲಕ್ಕೆ ಬರುವವರಿಲ್ಲ. ಸೇರುವುದಕ್ಕೆ ಬಾಗಿಲೇ ಇಲ್ಲ. ಹಾಗಾಗಿ ಬಿಟ್ಟುಹೋಗುವಾಗಲೂ ಬಾಗಿಲು ತೆರೆದ ಸದ್ದಾಗುವುದಿಲ್ಲ. ನನಗೆ ಒಮ್ಮೆ ಶೀತವಾಗಿ ಕೆಲವು ದಿನ ಹೋಗದಿದ್ದಾಗ ಯಂತ್ರವೇ ಒಂದು ಓಲೆ ಕಳಿಸಿತು: 'ನಾವು ನಿಮ್ಮನ್ನು ತಪ್ಪಿಸಿಕೊಳ್ಳುತ್ತಿದ್ದೇವೆ.' ನಿಮ್ಮ ನೆನಪಾಗುತ್ತಿದೆ ಎನ್ನಲು ಹೋಗಿ ಹೀಗೆಂದಿದೆ. ನನ್ನ ಕೆಲವು ಹಳೆಯ ಸಹೋದ್ಯೋಗಿಗಳೂ ಇದೇ ಭಾವನೆ ಹೊಂದಿದ್ದರು. ಬರವಣಿಗೆಯಲ್ಲಿ ಕೊಟ್ಟಿರಲಿಲ್ಲ, ಅಷ್ಟೇ.

ಶತ್ರುಪಾಳಯದ ಸುದ್ದಿ ಮಾತ್ರ ಹೊತ್ತುಹೊತ್ತಿಗೆ ಬರುತ್ತಿತ್ತು. ಅಕ್ಕತಂಗಿಯರು ದಿನಾ ಫೋನಿನಲ್ಲಿ ಮಾತಾಡುತ್ತಾರಲ್ಲ.

"ನಿಮ್ ಸಡ್ಗ ಅರ್ಧ ಮುಗ್ಸವ್ರಂತೆ," ಎನ್ನುತ್ತಿದ್ದಳು ಹೆಂಡತಿ, ಸೊಪ್ಪು ಬಿಡಿಸುತ್ತ.

"ಯಾರು, ಅವನೋ ಹಸುವೋ?"

"ನೀವೆಲ್ಲಿಗ್ ಬಂದ್ರಿ ಅಂತ ಕೇಳಿದ್ಲು. ಬ್ಯಾಂಕು ಕುಸ್ದೋಯ್ತು ಅಂತ ಕುಂತವ್ರೆ ಅಂದೆ."

ಆಕೆ ಎರಡೂ ಕಡೆಯ ಗೂಢಚಾರಿಣಿಯೆಂದು ನನಗೆ ಆಗಲೇ ಗುಮಾನಿ ಇತ್ತು.

ಕೊನೆಗೆ ಪ್ರಬಂಧದ ಹೊತ್ತು ಬಂತು. 'ನಿಮ್ಮ ಊರಿನ ನೀರಿನ ಬಗ್ಗೆ ಬರೆಯಿರಿ.' ಇದನ್ನು ಮೇಷ್ಟ್ರು ತಿದ್ದುವುದಿಲ್ಲ. ಅಷ್ಟು ಜನರದ್ದನ್ನು ತಿದ್ದುವುದು ಮನುಷ್ಯಮಾತ್ರದವನಿಗೆ ಸಾಧ್ಯವಿಲ್ಲವೆಂದು, ಒಬ್ಬ ವಿದ್ಯಾರ್ಥಿ ಇನ್ನೊಬ್ಬನದ್ದನ್ನು ತಿದ್ದಬೇಕೆಂಬ ಕಾನೂನು. ಮೇಷ್ಟ್ರ ಕೆಂಪು ಶಾಯಿಯನ್ನು ಊರಿಗೆಲ್ಲ ಹಂಚಿಬಿಟ್ಟಿದ್ದಾರೆ! ನನಗೆ ಇದು ಘೋರ ಅಧರ್ಮವಾಗಿ ಕಂಡಿತು. ಕನ್ನಡದಲ್ಲಿ ಬರೆಯುವವರದ್ದೇ ಒಂದು ಗುಂಪು. ಅವರದ್ದನ್ನು ಅವರೇ ತಿದ್ದಿಕೊಳ್ಳಬೇಕು. ಬರೆದವರ ಹೆಸರು ಕಾಣಿಸುವುದಿಲ್ಲ. ಫೇಲಾದವರು ಗಡುವಿನೊಳಗೆ ಎಷ್ಟು ಸಲ ಬೇಕಾದರೂ ಮತ್ತೆ ಬರೆದು ಒಪ್ಪಿಸಬಹುದು. ನಾನು ತೊಣ್ಣೂರು ಕೆರೆಯ ಮೇಲೆ ಬರೆದೆ. 'ಗಿರಿಶಿಖರಗಳ ತಪ್ಪಲಿನಲ್ಲಿ, ಕಾಲಗರ್ಭದಲ್ಲಿ ಹುದುಗಿದ ಇತಿಹಾಸವನ್ನು ತನ್ನ ನಿರ್ಮಲ ಜಲದರ್ಪಣದಲ್ಲಿ ಪ್ರತಿಬಿಂಬಿಸುತ್ತ' ಎಂದು ಹೊರಟ ಮೊದಲ ವಾಕ್ಯ, ಪುಟದ ಕೊನೆಗೆ ಬಂದಾಗಲೂ ಸುಸ್ತಾಗಿರಲಿಲ್ಲ. ಬರೆದವನೇ ಮೆಚ್ಚಿ ಇನ್ನೊಂದು ಸಲ ಓದಿಕೊಂಡೆ.

ಒಪ್ಪಿಸಿ ನೋಡುತ್ತೇನೆ: ಕನ್ನಡದ ಗುಂಪಿನಲ್ಲಿ ನನಗೆ ತಿದ್ದಲು ಬಂದದ್ದು ಒಂದೇ ಪ್ರಬಂಧ. ಉಳಿದವರೆಲ್ಲ ದಾರಿಯಲ್ಲೇ ಇಳಿದುಕೊಂಡಿದ್ದರು. ತೆರೆದೆ.

'ನಮ್ಮದು ಏಮಾವತಿ ಒಳೆ ಪಕ್ಕದ ಒಂದು ಅಳ್ಳಿ. ನಾನು ದಿನಾ ಬೆಳಿಗ್ಗೆ ಎದ್ದು ಆಲೂ ಕರಿದು ಡೈರಿಗೆ ಆಕುತ್ತೇನೆ. ಒಂದು ಒತ್ತಿಗೆ ಅತ್ತು ಲೀಟರ್ ಆಲೂ ಆಗುತ್ತದೆ. ನೀರು ಇಲ್ಲದಿದ್ದರೆ ಅಸು ಇಲ್ಲ, ಅಸು ಇಲ್ಲದಿದ್ದರೆ ಆಲೂ ಇಲ್ಲ.'

ಒಂದು ಗಳಿಗೆ ನಾನು, ಡೈರಿಗೆ ಆಲೂಗೆಡ್ಡೆ ಕರಿದು ಹಾಕುವ ಈ ಮಹಾನುಭಾವ ಯಾರಪ್ಪ ಎಂದು ಕಣ್ಣು ಕಣ್ಣು ಬಿಟ್ಟೆ. ಆಮೇಲೆ ಹೊಳೆಯಿತು. ಅವನು ಬರೆದಿಲ್ಲ, ಫೋನಿನ ಮುಂದೆ ಬಾಯಲ್ಲಿ ಹೇಳಿದ್ದಾನೆ, ಫೋನು ಬರೆದುಕೊಂಡಿದೆ. 'ಆಲು ಕರ್ದು' ಎಂದಿದ್ದಾನೆ. ಫೋನು ಪಾಪ ಪಟ್ಟಣದ್ದು, ಆಲೂ ಕರಿದು ಕೊಟ್ಟಿದೆ. ಜಗತ್ತಿನ ಅಷ್ಟೂ ವಿದ್ಯಾರ್ಥಿಗಳು ಬಿಟ್ಟುಹೋಗಿ, ಆ ಮಹಾಸಭೆಯ ಕನ್ನಡದ ಮೂಲೆಯಲ್ಲಿ ಉಳಿದವರು ಇಬ್ಬರೇ: ನಾನು, ನನ್ನ ಷಡ್ಡಕ. ಅವನ ಉತ್ತರಪತ್ರಿಕೆ ನನ್ನ ಕೈಯಲ್ಲಿ. ನಾನು ದೇವರನ್ನು ಅಷ್ಟಾಗಿ ನಂಬುವವನಲ್ಲ. ಆ ಹೊತ್ತು ಎದ್ದು ಹೋಗಿ ದೇವರ ಮನೆಯಲ್ಲಿ ಒಂದು ಊದುಬತ್ತಿ ಹಚ್ಚಿ ಬಂದೆ.

ಮುಂದಿನ ಪ್ಯಾರಾ ಓದಿದೆ.

'ನೀರು ಪೋಲಾಗುವುದಕ್ಕೆ ಉದಾರಣೆ. ನಮ್ಮ ಷಡ್ಡಕರು ಒಬ್ಬರು ಮೇಷ್ಟ್ರು. ಅವರು ನಲ್ಲಿ ಬಿಟ್ಟುಕೊಂಡು ಅಲ್ಲು ಉಜ್ಜುತ್ತಾ ಭಾಷಣ ಮಾಡುತ್ತಾರೆ. ಭಾಷಣ ಮುಗಿಯುವ ಒಳಗೆ ಟ್ಯಾಂಕು ಖಾಲಿ.'

ಊದುಬತ್ತಿಯ ಹೊಗೆ ಇನ್ನೂ ಆಡುತ್ತಿತ್ತು. ನಾನು ಕನ್ನಡಕ ಒರೆಸಿಕೊಂಡು ಕುಳಿತೆ. ಎಲ್ಲದಕ್ಕೂ ಸೊನ್ನೆ ಹಾಕಿದೆ. ಕೆಳಗೆ ಷರಾ ಬರೆಯಲು ಜಾಗವಿತ್ತು. ಬರೆದೆ: 'ಪ್ರಬಂಧಕಾರರು ಹೈನುಗಾರರೋ ಬೋಂಡದಂಗಡಿಯವರೋ ಸ್ಪಷ್ಟವಾಗಿಲ್ಲ. ಅಸು ಎಂದರೆ ಪ್ರಾಣ. ಅದನ್ನು ಕೊಟ್ಟಿಗೆಯಲ್ಲಿ ಕಟ್ಟಲಾಗದು. ಲೀಟರುಗಳು ಅತ್ತದ್ದು ಏಕೆಂದು ವಿವರಿಸಿಲ್ಲ. ಷಡ್ಡಕರ ವಿಚಾರ ಅಪ್ರಸ್ತುತ ಮತ್ತು ಅಸತ್ಯ. ಹಕಾರದ ಲವಲೇಶವೂ ಇಲ್ಲ. ಪುನಃ ಬರೆಯತಕ್ಕದ್ದು.' ಗುಂಡಿ ಒತ್ತಿದೆ. ಅಂದು ಮುದ್ದೆ ಒಂದು ಹೆಚ್ಚೇ ಹೋಯಿತು.

ಮರುದಿನ ನನ್ನ ಪ್ರಬಂಧದ ಫಲಿತಾಂಶ ಬಂತು. ಫೇಲು. ಷರಾ ಹೀಗಿತ್ತು: 'ಕೆರೆ ಯಾವಾಗ ಬರುತ್ತದೆ ಅಂತ ಕಾದು ಕಾದು ಸಾಕಾಯಿತು. ಇವರ ವಾಕ್ಯ ಅತ್ತಿದವರು ಇಳಿಯುವ ಆಗಿಲ್ಲ. ಎಲ್ಲೂ ಸ್ಟಾಪು ಇಲ್ಲ. ಬರೆದವರು ಯಾರೋ ರಿಟೈರ್ ಆದ ಮೇಷ್ಟ್ರು ಇರಬೇಕು, ಪಾಪ.'

ಆಗ ಪರಿಸ್ಥಿತಿಯ ಪೂರ್ಣ ಸ್ವರೂಪ ನನ್ನ ತಲೆಗೆ ಬಂತು. ಅವನನ್ನು ಪಾಸು ಮಾಡಬೇಕಾದವನು ನಾನೊಬ್ಬನೇ. ನನ್ನನ್ನು ಪಾಸು ಮಾಡಬೇಕಾದವನು ಅವನೊಬ್ಬನೇ. ನನ್ನ '‌ಮೇಷ್ಟ್ರು' ಎಂಬ ಪದದ ಜುಟ್ಟು ಒಬ್ಬ ಕಂಡಕ್ಟರನ ಕೈಯಲ್ಲಿತ್ತು. ಪಿತೃಪಕ್ಷ ಹತ್ತಿರವಾಗುತ್ತಿತ್ತು, ಪಾಠದ ಗಡುವೂ.

ಹೆಂಡತಿಯ ಮೂಲಕ ಸಂಧಾನ ಮಾಡಬಹುದಿತ್ತು. ಮಾಡಲಿಲ್ಲ. ಬಾಗುವುದಾದರೆ ಅವನು ಮೊದಲು ಬಾಗಲಿ ಎಂದು ಕಾದೆ. ಹಾಗೆ ಕಾಯುತ್ತಿದ್ದಾಗಲೇ ಒಂದು ಬೆಳಿಗ್ಗೆ ನಾದಿನಿಯ ಫೋನು ಬಂತು. ಹೆಂಡತಿ ಸ್ಪೀಕರಿಗೆ ಹಾಕಿ ನನ್ನ ಕಡೆ ಹಿಡಿದಳು.

"ಅಕ್ಕಾ, ಇವ್ರಿಗೇನೋ ಆಗೈತೆ ಕಣಕ್ಕ. ಬೆಳಿಗ್ಗಿಂದ ಕೊಟ್ಟಿಗೇಲಿ ಫೋನ್ ಮುಂದೆ ನಿಂತ್ಕಂಡು 'ಹಾ... ಹಾ...' ಅಂತಾವ್ರೆ. ಏನ್ರೀ ಎದೆನೋವಾ ಅಂದ್ರೆ, ಸುಮ್ಕಿರೇ, ಹಾಲು ಅಂತಿವ್ನಿ ಅಂದ್ರು. ಅಸ ಬೆದ್ರಿ ಬಕೆಟ್ ಒದ್ಬುಡ್ತು!"

ಹಿನ್ನೆಲೆಯಲ್ಲಿ ಕೇಳಿಸಿತು. ದೂರದಿಂದ, ಉಬ್ಬಸ ಬಂದವನ ಹಾಗೆ, ಒಬ್ಬ ಗಂಡಸು ಕಷ್ಟಪಟ್ಟು ಉಸಿರನ್ನು ಎಳೆದು ಬಿಡುತ್ತಿದ್ದ: "ಹ... ಹಾಲು. ಥತ್, ಮತ್ ಆಲೂ ಬರೀತು. ಹ್ಹಾಲು!"

ನಾನು ಹೆಂಡತಿಗೆ ಸನ್ನೆ ಮಾಡಿದೆ, ಫೋನು ಇಡಬೇಡ ಎಂದು. ಕುರ್ಚಿಯ ಮೇಲೆ ಒರಗಿ, ಕಣ್ಣು ಮುಚ್ಚಿ, ಸಂಗೀತ ಕೇಳುವವರ ಹಾಗೆ ಕೇಳಿದೆ. ಆಯುಷ್ಯವೆಲ್ಲ ಬೆತ್ತ ಹಿಡಿದು ಕಲಿಸಲಾಗದ್ದನ್ನು ಒಂದು ಸೊನ್ನೆ ಕಲಿಸುತ್ತಿತ್ತು. ಅದೂ ಯಾರಿಗೆ! ಬೀಗರ ಊಟದಲ್ಲಿ ನನ್ನ ಮಾನ ತೆಗೆದವನಿಗೆ. ಸೇಡು ಬಿಸಿ ಕಾಫಿಯಂತೆ ಗಂಟಲಿನಿಂದ ಇಳಿದು ಹೊಟ್ಟೆಯಲ್ಲಿ ಕುಳಿತುಕೊಂಡಿತು.

"ಸಾಕ್ ಬುಡ್ರಿ, ಪಾಪ," ಎಂದಳು ಹೆಂಡತಿ.

"ಇನ್ನೂ ಹೇಮಾವತಿ ಬಂದಿಲ್ಲ," ಎಂದೆ.

ಅವನ ಎರಡನೆಯ ಪ್ರಬಂಧ ಬಂತು. ಹಾಲು ಹಾಲಾಗಿತ್ತು, ಹಸು ಹಸುವಾಗಿತ್ತು. ಹೇಮಾವತಿ ಮಾತ್ರ ಇನ್ನೂ ಏಮಾವತಿ. ಫೇಲು ಮಾಡಿದೆ. ನನ್ನದಕ್ಕೂ ಮತ್ತೆ ಫೇಲು ಬಂತು: 'ಇನ್ನೂ ಎರಡು ಸ್ಟಾಪು ಕೊಡಿ.' ಎರಡನೆಯ ಸಲ ನಾನು ಜಲದರ್ಪಣವನ್ನು ತೆಗೆದಿದ್ದೆ. ಈಗ ಹಲ್ಲು ಕಡಿದುಕೊಂಡು ಕಾಲಗರ್ಭವನ್ನೂ ತೆಗೆದೆ. ವಾಕ್ಯವನ್ನು ಕತ್ತರಿಸುತ್ತ ಹೋದೆ. ಒಂದೊಂದು ಕಡೆ ಪೂರ್ಣವಿರಾಮ ಇಡುವಾಗಲೂ ಆ ಮನುಷ್ಯ ಸೀಟಿ ಊದಿದಂತೆ ಕಿವಿಗೆ ಕೇಳಿಸುತ್ತಿತ್ತು. ಕೊನೆಗೆ ಉಳಿದದ್ದು ಇಷ್ಟು: 'ನಮ್ಮ ಹತ್ತಿರ ತೊಣ್ಣೂರು ಕೆರೆ ಇದೆ. ನೀರು ತಿಳಿ. ಏರಿಯ ಕೆಳಗೆ ಗದ್ದೆ.' ಇದನ್ನು ನಾನು ಬರೆದೆನೆಂದು ನನ್ನ ಶಿಷ್ಯರಿಗೆ ತಿಳಿದರೆ ಸಂತಾಪಸೂಚಕ ಸಭೆ ನಡೆಸುತ್ತಿದ್ದರು.

ಗಡುವಿನ ಹಿಂದಿನ ದಿನ ಅವನ ಮೂರನೆಯ ಪ್ರಬಂಧ ಬಂತು. ಕೆಂಪು ಕಣ್ಣಿನಿಂದ ಓದಿದೆ. ಹೇಮಾವತಿ ಹರಿಯುತ್ತಿದ್ದಳು. ಹೊಳೆ, ಹಳ್ಳಿ, ಹೊತ್ತು, ಹುಲ್ಲು. ಒಂದು ಹಕಾರವೂ ತನ್ನ ಜಾಗ ಬಿಟ್ಟು ಕದಲಿರಲಿಲ್ಲ. ಷಡ್ಡಕರು ಮಾತ್ರ ಇನ್ನೂ ನಲ್ಲಿ ಬಿಟ್ಟುಕೊಂಡು ಹಲ್ಲು ಉಜ್ಜುತ್ತಿದ್ದರು. 'ಹಲ್ಲು' ಎಂದೇ ಇತ್ತು. ಆ ಸಾಲನ್ನು ಹಿಡಿದು ಫೇಲು ಮಾಡಬಹುದಿತ್ತು. ಗಡುವು ಮುಗಿದು ಅವನು ನೆಲ ಕಚ್ಚುತ್ತಿದ್ದ. ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ಆಡಿತು. ಸೇಡು ತೀರಿಸಿಕೊಳ್ಳುವುದು ನನಗೆ ಬರುತ್ತದೆ. ಸರಿಯಿದ್ದ ಉತ್ತರಕ್ಕೆ ಗೀಟು ಎಳೆಯುವುದು ಈ ಕೈಗೆ ಬರುವುದಿಲ್ಲ. ಜೊತೆಗೆ, ನನ್ನ ಉತ್ತರಪತ್ರಿಕೆಯೂ ಅವನ ಮುಂದಿದೆ ಎಂಬ ಸಣ್ಣ ಸಂಗತಿಯನ್ನು ನಾನು ಮರೆತಿರಲಿಲ್ಲ. ಪಾಸು ಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ನನ್ನದೂ ಬಂತು. ಷರಾ: 'ಈಗ ಕೆರೆ ಕಾಣುತ್ತದೆ. ರೈಟ್.'

ಶ್ರೀರಂಗಪಟ್ಟಣದ ಅತ್ತೆಯ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು ಕೈಮುಗಿದಾದ ಮೇಲೆ ಎಲೆ ಹಾಕಿದರು. ನೆಂಟರೆಲ್ಲ ಪಂದ್ಯದ ತೀರ್ಪಿಗೆ ಕಾದು ಕುಳಿತಿದ್ದರು. ನಾನು ಫೋನು ತೆಗೆದು ತೋರಿಸಿದೆ. ಷಡ್ಡಕನೂ ತೋರಿಸಿದ. ಇಬ್ಬರೂ ಪಾಸು. ಅತ್ತೆಗೆ ಇದು ಸಮಾಧಾನ ತರಲಿಲ್ಲ.

"ಇದೇನ್ ಅಳಿಯಂದ್ರೇ? ಇಬ್ರೂ ಗೆದ್ರೆ ಪಂದ್ಯ ಯಾಕ್ ಕಟ್ಟಿದ್ದು?"

"ಮೇಷ್ಟ್ರು ಅನ್ನೋದು ನನ್ನ ಹತ್ತಿರವೇ ಉಳಿಯಿತು ಅಂತ ಅರ್ಥ ಅತ್ತೆ," ಎಂದು ಗಂಭೀರವಾಗಿ ಹೇಳಿ, ಎದೆ ಸೆಟೆಸಿ, ಎಲೆಗೆ ನೀರು ಚಿಮುಕಿಸಿದೆ. "ಸಾಲದ್ದಕ್ಕೆ ಈ ಮನೆಗೆ ಹಕಾರವನ್ನೂ ತಂದಿದ್ದೇನೆ. ಬೇಕಾದರೆ ನಿಮ್ಮ ಕಿರಿ ಅಳಿಯನನ್ನು ಮಾತಾಡಿಸಿ ನೋಡಿ."

ಪಂಕ್ತಿಯೆಲ್ಲ ಅವನ ಕಡೆ ತಿರುಗಿತು. ಇದೇ ಗಳಿಗೆಗಾಗಿ ನಾನು ಅಷ್ಟು ವಾರ ಕಾದಿದ್ದೆ. ನನ್ನ ಶಿಷ್ಯನನ್ನು ನಾನೇ ಸಭೆಗೆ ಒಪ್ಪಿಸಿದ್ದೆ.

ಷಡ್ಡಕ ಎದ್ದು ನಿಂತ. ಹಳೆಯ ಅಭ್ಯಾಸದಂತೆ ಬಸ್ಸಿನ ಕಂಬಿ ಹುಡುಕುವವನ ಹಾಗೆ ಕೈ ಎತ್ತಿ, ಕಂಬಿಯಿಲ್ಲದ್ದರಿಂದ ಕೈಮುಗಿದ. ಮುಖದಲ್ಲಿ ವಿನಯವೆಂದರೆ ವಿನಯ.

"ಹತ್ತೆ," ಎಂದ. "ಮೊದ್ಲು ನಮ್ ಹಣ್ಣಂಗೆ ಹೆಲೆ ತುಂಬ ಹನ್ನ ಬಡ್ಸಿ. ಹಾಡಿನ ಮಾಂಸ ಹಾಕಿ. ಹಕ್ಕಿ ಪಾಯಸಾನೂ ಹಾಕಿ. ಹುಪ್ಪಿನ್ಕಾಯಿ ಹೆಲ್ಲಿ?"

ಹಿಂದಿನ ಸಾಲಿನಲ್ಲಿ ಯಾರೋ ಗೊಳ್ಳೆಂದರು. ಅವನು ನಗಲಿಲ್ಲ. ನನ್ನ ಕಡೆ ಬಾಗಿ, ಮಗ್ಗಿ ಒಪ್ಪಿಸುವ ಹುಡುಗನ ಭಯಭಕ್ತಿಯಿಂದ ಕೇಳಿದ:

"ಹೇನ್ ಹಣ್ಣಾ, ಸರ್ಯಾಗ್ ಹೇಳಿದ್ನಾ?"

ಹೇನು, ಹಣ್ಣು! ಮಕ್ಕಳು ಎಲೆಯ ಮೇಲೆ ಬಿದ್ದು ನಗುತ್ತಿದ್ದವು. ಒಂದು ಆಗಲೇ 'ಹಣ್ಣು ತಾತ' ಎಂದು ಕೂಗಿತು, ಉಳಿದವು ಹಿಡಿದುಕೊಂಡವು. ನಾದಿನಿ ಗೋಡೆಗೆ ತಿರುಗಿಕೊಂಡಳು. ನನ್ನ ಹೆಂಡತಿ ಈ ಸಲ ಸೆರಗನ್ನೂ ಅಡ್ಡ ಹಿಡಿಯಲಿಲ್ಲ. 'ಮೇಷ್ಟ್ರು' ಎಂಬ ಪದ ಪಂದ್ಯದ ಪ್ರಕಾರ ನನ್ನದೇ. ಇನ್ನು ಮೇಲೆ ಅದರಿಂದ ನನ್ನನ್ನು ಕರೆಯುವವರು ಆ ಮನೆಯಲ್ಲಿ ಯಾರೂ ಉಳಿದಿಲ್ಲ ಎಂಬುದು ಕಣ್ಣಿಗೆ ಕಾಣುತ್ತಿತ್ತು. ನಾನು ಕೊಟ್ಟ ಹಕಾರವನ್ನೇ ಹರಿತ ಮಾಡಿಕೊಂಡು ಬಂದಿದ್ದ ಪಾಪಿ. ನೆತ್ತಿಗೇರಿತು. ಹಲವು ಸಮಾಸಪದಗಳು ಒಟ್ಟಿಗೆ ಗಂಟಲಿಗೆ ಬಂದು ಸಿಕ್ಕಿಕೊಂಡವು. ಎಲ್ಲವನ್ನೂ ತಳ್ಳಿಕೊಂಡು ಆಚೆ ಬಂದದ್ದು ಒಂದೇ:

"ಓಗ್ಲಾ ಅತ್ಲಾಗೆ!"

ಎಲ್ಲರಿಗೂ ಕೇಳಿಸಿತು. ನನಗೂ ಕೇಳಿಸಿತು. ಹೆಂಡತಿಯ ಕೈಯ ಸೌಟು ಪಾತ್ರೆಯ ಮೇಲೆ ಹಾಗೇ ನಿಂತಿತು.

ಷಡ್ಡಕ ನಿಧಾನವಾಗಿ ತನ್ನ ಎಲೆಯ ಮುಂದೆ ಕುಳಿತ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಡುವ ಮೊದಲು, ಕನ್ನಡಕದ ಮೇಲಿನಿಂದ ನೋಡುವ ಮೇಷ್ಟ್ರ ಹಾಗೆ ನನ್ನನ್ನೊಮ್ಮೆ ನೋಡಿದ. ಕನ್ನಡಕ ಅವನಿಗೆ ಇರಲೇ ಇಲ್ಲ.

"ಪುನಃ ಹೇಳತಕ್ಕದ್ದು," ಎಂದ.